ಬದನೆ ಹೂವಿನ ಬಣ್ಣ

ಬಣ್ಣದಕ್ಕ ಬಕೆಟ್ಟಿನ ತಳದಲ್ಲಿ ಉಳಿದಿದ್ದ ಬಣ್ಣಕ್ಕೆ ಬಲಗೈ ಹೆಬ್ಬೆರಳು ಅದ್ದಿದಳು. ಬಾಗಿಲ ಹಿಂದೆ ಸರಿದು, ಬಿಳಿ ಚೌಕಟ್ಟಿನ ಮೇಲೆ ಭುಜದೆತ್ತರಕ್ಕೆ ಗಟ್ಟಿಯಾಗಿ ಒತ್ತಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿಕೊಂಡಳು. ಏಣಿಯ ಮೇಲಿದ್ದ ಸೊಸೆಯ ಕಣ್ಣಿಗೆ ಅದು ಬಿದ್ದೇಬಿಟ್ಟಿತು.

"ಅತ್ತೇ, ಇದೇನಿದು? ವಾರ್ಡಿಗೆ ಇನ್ನೂ ಒಂದು ಮಗುನೂ ಬಂದಿಲ್ಲ, ಆಗ್ಲೇ ಹೆಬ್ಬೆಟ್ಟು ಒತ್ತಿಬಿಟ್ರಾ?"

"ಒತ್ತಿದೆ. ಏನೀಗ?"

"ಏನಿಲ್ಲಪ್ಪ. ಜನ ಬಂದು ಒಂದು ದಿನ ಇದ್ದು ನೋಡಿದ ಮೇಲೇ ಒತ್ತಬೇಕು ಅಂತ ನೀವೇ ಹೇಳಿಕೊಟ್ಟಿದ್ದು."

"ಅದು ಸಂದೇಹ ಇದ್ದಾಗ ಕಣೇ. ಈ ಗೋಡೆ ಮೇಲೆ ನಂಗೆ ಸಂದೇಹ ಇಲ್ಲ. ನೀನು ಇಳಿ ಕೆಳಗೆ, ಬ್ರಷ್ ಒಣಗ್ತಿದೆ."

ಹೆಬ್ಬೆಟ್ಟಿನ ಈ ಪದ್ಧತಿ ಬಣ್ಣದಕ್ಕನದೇ. ಮೂವತ್ತು ವರ್ಷದಲ್ಲಿ ಅವಳು ಬಳಿದ ಮನೆ, ಶಾಲೆ, ಅಂಗಡಿ, ಎಲ್ಲೇ ಹೋಗಿ ಬಾಗಿಲ ಹಿಂದೆ ಹುಡುಕಿದರೂ ಅದೊಂದು ಗುರುತು ಸಿಗುತ್ತದೆ. ಓದುಬರಹ ಬಾರದೆ ಒತ್ತಿದ್ದಲ್ಲ; ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಆದರೆ ಇನ್ನೊಬ್ಬರ ಗೋಡೆಯ ಮೇಲೆ ಹೆಸರು ಬರೆದರೆ ಅವರಿಗೆ ಸಿಟ್ಟು ಬರುತ್ತದೆ, ಬೆರಳಿನ ಗುರುತಾದರೆ ಯಾರ ಗೊಡವೆಯೂ ಇಲ್ಲ. ಅವಳ ಕೈಕೆಳಗೆ ಕೆಲಸ ಕಲಿತವರು ಬೆನ್ನ ಹಿಂದೆ ಅವಳನ್ನು ಹೆಬ್ಬೆಟ್ಟಿನ ಗಿರಾಕಿ ಎಂದು ಆಡಿಕೊಂಡು ನಗುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಕೇಳಿದಾಗಲೆಲ್ಲ ಒಳಗೊಳಗೇ ಹಿಗ್ಗುತ್ತಿದ್ದಳು. ಗೋಡೆ ತನ್ನ ಮಾತು ಕೇಳಿದೆ ಎಂದು ಖಾತ್ರಿಯಾದ ಮೇಲಷ್ಟೇ ಒತ್ತುವುದು ನಿಯಮ. ಮೂರು ಮನೆಗಳಲ್ಲಿ ಅವಳು ಒತ್ತಿರಲಿಲ್ಲ. ಆ ಮೂರರ ಮಾತೆತ್ತಿದರೆ ಈಗಲೂ ಅವಳ ಮುಖ ಗಂಟಾಗುತ್ತದೆ.

ಈ ವಾರ್ಡಿನ ಬಣ್ಣ ತಿಳಿನೇರಳೆ. ಆಸ್ಪತ್ರೆಯ ಮ್ಯಾನೇಜರ್ ಪುಸ್ತಕದಷ್ಟು ದಪ್ಪದ ಬಣ್ಣದ ಕ್ಯಾಟಲಾಗ್ ತಂದು, ಹುಟ್ಟಿದ ಮಕ್ಕಳ ವಾರ್ಡಿಗೆ ಇಂಥದ್ದೇ ಇರಲಿ, ನೋಡಿದವರ ಮನಸ್ಸಿಗೆ ತಂಪಾಗಬೇಕು ಎಂದು ಒಂದು ಚೌಕದ ಮೇಲೆ ಬೆರಳಿಟ್ಟಿದ್ದರು. ಬಣ್ಣದಕ್ಕ ಕ್ಯಾಟಲಾಗನ್ನು ಮುಚ್ಚಿ ಅವರ ಕೈಗೇ ಕೊಟ್ಟಿದ್ದಳು. "ಕಾಗದದ ಮೇಲೆ ಎಲ್ಲಾ ಬಣ್ಣನೂ ಒಳ್ಳೇದೇ ಸಾರ್. ನಾನು ನಿಮಗೆ ಬದನೆ ಹೂವು ಮಾಡಿಕೊಡ್ತೀನಿ. ಅರಳಿದ ದಿನದ್ದಲ್ಲ, ಮಾರನೇ ದಿನದ್ದು."

ತಿಳಿನೇರಳೆಯಂಥ ಪುಕ್ಕಲು ಬಣ್ಣ ಇನ್ನೊಂದಿಲ್ಲ ಎಂದು ಅವಳು ಸೊಸೆಗೆ ಸಾವಿರ ಸಲ ಹೇಳಿದ್ದಾಳೆ. ಕೆಂಪಿನ ಪಕ್ಕ ಕೂತರೆ ನೀಲಿ ಅನ್ನಿಸಿಕೊಳ್ಳುತ್ತದೆ, ನೀಲಿಯ ಪಕ್ಕ ಕೂತರೆ ಗುಲಾಬಿ ಅನ್ನಿಸಿಕೊಳ್ಳುತ್ತದೆ. ಬೆಳಗಿನ ಕಿಟಕಿಯಲ್ಲಿ ಒಂದು, ಟ್ಯೂಬ್‌ಲೈಟಿನಲ್ಲಿ ಒಂದು, ಮೋಡ ಕವಿದರೆ ಬರೀ ಬೂದಿ. ಕೆಂಪು ಒಂದು ಹನಿ ಹೆಚ್ಚಾದರೆ ಪೆಪ್ಪರ್‌ಮಿಂಟಿನ ಡಬ್ಬಿ, ನೀಲಿ ಒಂದು ಹನಿ ಹೆಚ್ಚಾದರೆ ಚಳಿಗೆ ನಡುಗುವವರ ತುಟಿ. ಅದನ್ನು ಹದಕ್ಕೆ ತರಲು ಅವಳದೊಂದು ಕೈಚಳಕ ಇತ್ತು. ಎಲ್ಲ ಬೆರೆಸಿ ಮುಗಿದ ಮೇಲೆ, ಪೊರಕೆ ಕಡ್ಡಿಯ ತುದಿಯಲ್ಲಿ ಮಣ್ಣಿನ ಹಳದಿಯನ್ನು ಒಂದೇ ಒಂದು ಸಲ ಮುಟ್ಟಿಸಿ ಕದಡುವುದು. ಹಳದಿ ನೇರಳೆಗೆ ಎದುರಾಳಿ. ಬೆರೆಸಿದರೆ ಅದರ ಸೊಕ್ಕು ಇಳಿಸುತ್ತದೆ, ಪಕ್ಕದಲ್ಲಿ ಇಟ್ಟರೆ ಎರಡಕ್ಕೂ ಸೊಕ್ಕು ಏರುತ್ತದೆ.

ಹೀಗೆ ಹನ್ನೊಂದು ಹಲಗೆಗಳಿಗೆ ಹನ್ನೊಂದು ಬಗೆ ಬಳಿದು, ಬಾಗಿಲಷ್ಟು ಎತ್ತರದ ಆ ಹಲಗೆಗಳನ್ನು ಖಾಲಿ ವಾರ್ಡಿನಲ್ಲಿ ಸಾಲಾಗಿ ಒರಗಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಬಂದು ನೋಡಿ, ಒಂಬತ್ತನೆಯದನ್ನು ಆರಿಸಿದ್ದಳು. ಈಗ ಆ ಒಂಬತ್ತನೆಯದು ನಾಲ್ಕು ಗೋಡೆಗೂ ಹರಡಿತ್ತು. ವಾರ್ಡು ಇದ್ದುದಕ್ಕಿಂತ ಅಗಲವಾಗಿ ಕಾಣುತ್ತಿತ್ತು, ಬಿಳಿ ಚೌಕಟ್ಟುಗಳು ಈಗಷ್ಟೇ ಒಗೆದು ಹರವಿದ ಬಟ್ಟೆಯ ಹಾಗೆ ಹೊಳೆಯುತ್ತಿದ್ದವು.

ಒಳಗೆ ಬಂದ ಮ್ಯಾನೇಜರ್ ಬಾಗಿಲಲ್ಲೇ ನಿಂತುಬಿಟ್ಟರು. "ಬಣ್ಣದಕ್ಕ, ಇದು ಆಸ್ಪತ್ರೆ ಅಂತ ಅನ್ನಿಸ್ತಾನೇ ಇಲ್ಲ!"

"ಅನ್ನಿಸಬಾರದು ಸಾರ್."

"ಫೋಟೋ ತೆಗೆಸ್ತೀನಿ. ವಾರ್ಡ್ ಕಟ್ಟಿಸಿಕೊಟ್ಟ ದಾನಿಗಳು ಹತ್ತು ದಿನಕ್ಕೆ ಬರ್ತಾರೆ. ಅವರಿಗೆ ಕೊಡೋ ಪುಸ್ತಕದ ಮೇಲೆ ಇದೇ ಗೋಡೆ."

ಅಂದು ಸಂಜೆ ಮನೆಯ ಕಡೆ ನಡೆಯುವಾಗ ಬಣ್ಣದಕ್ಕ ಕೈ ಬೀಸಿ ನಡೆದಳು. ಪುಸ್ತಕದ ಮೇಲೆ ತನ್ನ ಗೋಡೆ ಎಂಬ ಮಾತನ್ನು ಸೊಸೆಗೆ ಎರಡು ಸಲ ಹೇಳಿ, ಬಸ್ ಓಡಿಸುವ ಮಗ ಮನೆಗೆ ಬಂದ ಮೇಲೆ ಅವನಿಗೆ ಮೂರನೇ ಸಲ ಹೇಳಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ ಎಂದು ಮಗ ಛೇಡಿಸಿದ. ಹೆಗ್ಗಣ ಯಾರು ಅಂತ ನಂಗೆ ಗೊತ್ತು, ಹೆತ್ತವಳು ನಾನೇ ಅಲ್ವಾ, ಎಂದು ಅವಳು ಅವನ ತಲೆಗೊಂದು ಮೊಟಕಿದಳು.

ಆರನೆಯ ದಿನ ಅತ್ತೆ ಸೊಸೆ ವಾರ್ಡಿನ ಹೊರಗಿನ ಉದ್ದ ಕಾರಿಡಾರಿನ ಓಣಿಯಲ್ಲಿ, ಬಣ್ಣಕ್ಕೆ ಮುಂಚಿನ ಬಿಳಿ ಪ್ರೈಮರ್ ಹಚ್ಚುತ್ತಿದ್ದರು. ಬಾಣಂತಿಯರ ಮನೆಯವರು ಕಾದು ಕೂರುವ ಬೆಂಚುಗಳು ಅಲ್ಲಿದ್ದವು. ಆ ಓಣಿಗೆ ಸಾದಾ ಬಿಳಿ ಸಾಕು ಎಂದು ಮೊದಲೇ ಮಾತಾಗಿತ್ತು. ಹೊಸ ವಾರ್ಡಿಗೆ ಕೆಳಗಿನ ಹಳೆ ವಾರ್ಡಿನಿಂದ ಮಕ್ಕಳನ್ನು ತಂದು ಐದು ದಿನವಾಗಿತ್ತು. ಒಳಗಿನಿಂದ ಆಗಾಗ ಬೆಕ್ಕಿನ ಮರಿಗಳಂಥ ಅಳು ಕೇಳುತ್ತಿತ್ತು.

ಹಿರಿಯ ನರ್ಸ್ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಸಿಸ್ಟರಮ್ಮ ಎನ್ನುತ್ತಿದ್ದರು. ಈ ಆಸ್ಪತ್ರೆಯಲ್ಲಿ ಹುಟ್ಟಿದ ಹುಡುಗಿಯರೇ ಈಗ ಇಲ್ಲಿ ಹೆರಿಗೆಗೆ ಬರುತ್ತಿದ್ದಾರೆ ಎಂದ ಮೇಲೆ ಅವರ ಸರ್ವಿಸ್ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

"ಬಣ್ಣದಕ್ಕ, ಒಂದು ಮಾತು. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡ್ಕೋಬೇಡಿ ಎಂದು ಶುರುವಾದ ಮಾತು ಎಲ್ಲಿಗೆ ಹೋಗುತ್ತದೆ ಎಂದು ಬಣ್ಣದಕ್ಕನಿಗೆ ಗೊತ್ತಿತ್ತು. ರೋಲರನ್ನು ಟ್ರೇಯಲ್ಲಿ ಇಟ್ಟಳು.

"ಮಕ್ಕಳೆಲ್ಲ ಹಳದಿಯಾಗಿ ಕಾಣ್ತಿವೆ," ಎಂದರು ಸಿಸ್ಟರಮ್ಮ. "ಗೋಡೆಯಿಂದ ಅನ್ಸುತ್ತೆ."

"ಗೋಡೆ ನೇರಳೆ ಸಿಸ್ಟರಮ್ಮ. ಹಳದಿ ಅಲ್ಲ."

"ಅದು ನಂಗೂ ಕಾಣುತ್ತೆ. ಆದ್ರೆ ಹುಟ್ಟಿದ ಮಕ್ಕಳಿಗೆ ಕಾಮಾಲೆ ಬರೋದು ಜಾಸ್ತಿ. ಬಂತಾ ಇಲ್ವಾ ಅಂತ ನಾವು ಮೊದಲು ಕಣ್ಣಲ್ಲೇ ನೋಡೋದು. ಇಲ್ಲಿಗೆ ಬಂದ ಮೇಲೆ ಯಾವ ಮಗು ನೋಡಿದ್ರೂ ಅನುಮಾನ. ಐದು ದಿನಕ್ಕೆ ಏಳು ಮಕ್ಕಳ ಹಿಮ್ಮಡಿ ಚುಚ್ಚಿ ರಕ್ತ ತೆಗೆಸಿದ್ದೀನಿ. ಏಳೂ ಸರಿಯಾಗಿದ್ವು."

ಕೆಳಗೆ ಬಕೆಟ್ ಹಿಡಿದು ಕೂತಿದ್ದ ಸೊಸೆ ತಲೆ ಎತ್ತಿ ಅತ್ತೆಯ ಮುಖ ನೋಡಿದಳು. ಬಣ್ಣದಕ್ಕನ ಕಿವಿ ಬಿಸಿಯಾಗಿತ್ತು. ಹನ್ನೊಂದು ಹಲಗೆ, ಮೂರು ಹೊತ್ತು, ಪುಸ್ತಕದ ಮೇಲಿನ ಫೋಟೋ ಎಲ್ಲವೂ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದವು.

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲಾ ಹಳದಿ ಅಂತಾರೆ ಸಿಸ್ಟರಮ್ಮ. ಮೊದಲು ಕಣ್ಣು ತೋರಿಸ್ಕೊಳ್ಳಿ."

ಸಿಸ್ಟರಮ್ಮ ಮೂಗಿನ ಮೇಲಿನ ಕನ್ನಡಕವನ್ನು ಒಮ್ಮೆ ತೆಗೆದು, ಸೀರೆಯ ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಒಳಗೆ ಹೋದರು. ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದರು. ಬಣ್ಣದಕ್ಕ ಎರಡು ತುತ್ತು ತಿಂದು ಡಬ್ಬಿ ಮುಚ್ಚಿದಳು.

"ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ತಮ್ಮ ಕಣ್ಣು ಮಂಜಾದ್ರೆ ನನ್ನ ಗೋಡೆಗೆ ಹೆಸರಿಡೋದಾ?"

ಸೊಸೆ ಅಗಿಯುವುದನ್ನು ನಿಧಾನ ಮಾಡಿದಳು. ಅವಳು ಮಾತಿನ ಮಲ್ಲಿ, ಆದರೆ ಈ ಮಾತಿಗೆ ಮಾತ್ರ ಅಕ್ಷರ ಅಕ್ಷರ ಹುಡುಕಿದಳು.

"ಅತ್ತೆ, ಬಟ್ಟೆ ಅಂಗಡಿ ನೆನಪಿದ್ಯಾ? ಹೋದ ವರ್ಷದ್ದು?"

"ಯಾವುದು?"

"ಆ ಅಂಗಡಿಯವರು ಗೋಡೆಗೆ ಬದನೆ ಹೂವೇ ಬೇಕು ಅಂತ ಹಠ ಹಿಡಿದಿದ್ರಲ್ಲ. ನೀವು ಆಗಲ್ಲ ಅಂದ್ರಿ. ಇಲ್ಲಿ ಹಿಡಿದು ನೋಡಿದ ಹಳದಿ ಬಟ್ಟೆ ಮನೆಗೆ ಹೋದ್ರೆ ಮಂಕಾಗುತ್ತೆ, ಗಿರಾಕಿ ವಾಪಸ್ ಬಂದು ಜಗಳ ಆಡ್ತಾರೆ, ನೇರಳೆ ಮುಂದೆ ಹಳದಿ ಇದ್ದುದಕ್ಕಿಂತ ಎರಡು ಪಾಲು ಮೆರೆಯುತ್ತೆ ಅಂದ್ರಿ."

ಬಣ್ಣದಕ್ಕ ಮೆಟ್ಟಿಲನ್ನೇ ನೋಡುತ್ತಿದ್ದಳು.

"ಅಂದಿದ್ದೆ," ಎಂದಳು.

"ಅದಕ್ಕೇ ಕೇಳಿದೆ. ಬೈಬೇಡಿ."

ಬೈಯಲಿಲ್ಲ. ಡಬ್ಬಿಯನ್ನು ಸೊಸೆಯ ಮಡಿಲಿಗಿಟ್ಟು ಎದ್ದಳು. ತಾನು ಮೂರು ಹೊತ್ತು ನೋಡಿದ್ದು ನಿಜ. ಬೆಳಕನ್ನು ನೋಡಿದೆ, ಕಿಟಕಿ ನೋಡಿದೆ, ಚೌಕಟ್ಟು ನೋಡಿದೆ. ಆದರೆ ನೋಡಿದ್ದು ಖಾಲಿ ವಾರ್ಡನ್ನು. ಆ ವಾರ್ಡು ಇರುವುದೇ ಮಕ್ಕಳಿಗಾಗಿ. ಬಟ್ಟೆಯ ಥಾನಿಗೆ ತೋರಿಸಿದ ಬುದ್ಧಿಯನ್ನು ಅವಳು ಮಗುವಿಗೆ ತೋರಿಸಿರಲಿಲ್ಲ.

ವಾರ್ಡಿನ ಬಾಗಿಲಲ್ಲಿ ಸಿಸ್ಟರಮ್ಮ ಅವಳನ್ನು ತಡೆದರು. ಮುಖದಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ.

"ಕೈ ತೊಳೀರಿ. ಮೊಣಕೈ ತನಕ."

ಉಗುರಿನ ಸಂದಿಯ ಬಣ್ಣ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಸಿಸ್ಟರಮ್ಮ ನೋಡಿ, ಅದು ಪರವಾಗಿಲ್ಲ ಬನ್ನಿ ಎಂದು, ಮೇಲೊಂದು ಹಸಿರು ನಿಲುವಂಗಿ ತೊಡಿಸಿ ಒಳಗೆ ಕರೆದರು.

ಹತ್ತು ತೊಟ್ಟಿಲುಗಳಿದ್ದವು. ಒಂದು ತೊಟ್ಟಿಲ ಮೇಲೆ ಮಾತ್ರ ನೀಲಿ ದೀಪ ಉರಿಯುತ್ತಿತ್ತು. ಅದರಲ್ಲಿದ್ದ ಮಗುವಿನ ಕಣ್ಣಿಗೆ ಪುಟ್ಟ ಪಟ್ಟಿ ಕಟ್ಟಿದ್ದರು. ಸಿಸ್ಟರಮ್ಮ ಗೋಡೆಯ ಪಕ್ಕದ ತೊಟ್ಟಿಲಿನಿಂದ ಇನ್ನೊಂದು ಮಗುವನ್ನು ಎತ್ತಿ, ಅದರ ಹಣೆಯ ಮೇಲೆ ಹೆಬ್ಬೆರಳಿಟ್ಟು ಮೆತ್ತಗೆ ಒತ್ತಿ ಬಿಟ್ಟರು.

"ಒತ್ತಿದ ಜಾಗ ನೋಡಿ. ರಕ್ತ ಒಂದು ಕ್ಷಣ ಸರಿಯುತ್ತೆ. ಆಗ ಕೆಳಗಿನ ಚರ್ಮದ ಬಣ್ಣ ಕಾಣುತ್ತೆ. ಏನು ಕಾಣ್ತಿದೆ?"

ಬಣ್ಣದಕ್ಕ ಬಗ್ಗಿ ನೋಡಿದಳು. ಮೂವತ್ತು ವರ್ಷ ಒಂದು ಹನಿ ಹೆಚ್ಚು ಕಡಿಮೆಯನ್ನು ಹಿಡಿದ ಕಣ್ಣು ಅದು. "ಹಳದಿ," ಎಂದಳು.

ಸಿಸ್ಟರಮ್ಮ ಮಡಚಿದ್ದ ಬಿಳಿ ದುಪ್ಪಟಿಯೊಂದನ್ನು ಅವಳ ಕೈಗೆ ಕೊಟ್ಟರು. "ಇದನ್ನ ಮಗು ಹಿಂದೆ ಹಿಡೀರಿ. ಗೋಡೆ ಕಾಣಬಾರದು."

ಬಣ್ಣದಕ್ಕ ಎರಡೂ ಕೈ ಚಾಚಿ ದುಪ್ಪಟಿ ಹಿಡಿದಳು. ಸಿಸ್ಟರಮ್ಮ ಇನ್ನೊಮ್ಮೆ ಒತ್ತಿ ಬಿಟ್ಟರು. ಅದೇ ಹಣೆ, ಅದೇ ಕಿಟಕಿಯ ಬೆಳಕು. ಈಗ ಅಲ್ಲಿ ಹಳದಿ ಇರಲಿಲ್ಲ. ದುಪ್ಪಟಿ ಇಳಿಸಿದಳು, ಹಳದಿ ಬಂತು. ಏರಿಸಿದಳು, ಹೋಯಿತು. ಮಗು ಇದಾವುದರ ಪರಿವೆಯಿಲ್ಲದೆ ಬಾಯಿ ಆಕಳಿಸಿತು.

"ಆ ನೀಲಿ ದೀಪದ ಕೆಳಗಿದೆಯಲ್ಲ," ಸಿಸ್ಟರಮ್ಮ ದನಿ ತಗ್ಗಿಸಿದರು, "ಅದಕ್ಕೆ ನಿಜವಾಗ್ಲೂ ಕಾಮಾಲೆ. ನಿನ್ನೆ ಬೆಳಿಗ್ಗೆ ನೋಡಿದೆ. ಏಳು ಸಲ ಸುಮ್ಮನೆ ಚುಚ್ಚಿದ್ನಲ್ಲ, ಇದೂ ಗೋಡೆ ಆಟವೇ ಅಂದ್ಕೊಂಡು ಬಿಟ್ಟೆ. ಮಧ್ಯಾಹ್ನ ಡಾಕ್ಟರು ಕಿಟಕಿ ಹತ್ರ ಎತ್ತಿಕೊಂಡಾಗ ಗೊತ್ತಾಯ್ತು. ಐದು ಗಂಟೆ ತಡ. ಈಗ ಇಳೀತಿದೆ, ಏನೂ ಭಯ ಇಲ್ಲ. ಆದ್ರೆ ಇಷ್ಟು ವರ್ಷದಲ್ಲಿ ನನ್ನ ಕಣ್ಣು ಯಾವತ್ತೂ ಐದು ಗಂಟೆ ತಡ ಮಾಡಿರ್ಲಿಲ್ಲ."

ಬಣ್ಣದಕ್ಕನಿಗೆ ಆಗ ಆದದ್ದು ನಾಚಿಕೆ. ಗೋಡೆ ತಪ್ಪಾಯಿತು ಎಂಬುದಕ್ಕಿಂತ ಬೆಳಿಗ್ಗೆ ಆಡಿದ ಮಾತಿಗೆ ಹೆಚ್ಚು ನಾಚಿಕೆ. ಈ ಹೆಂಗಸು ತನ್ನ ಕಣ್ಣನ್ನು ಎಷ್ಟು ನೆಚ್ಚಿಕೊಂಡಿದ್ದಾಳೆ ಎಂಬುದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತನ್ನ ಬಣ್ಣದ ಮೇಲೆ ತನಗಿರುವ ಅಭಿಮಾನ ಯಾವುದೋ, ಇದೂ ಅದೇ.

"ಸಿಸ್ಟರಮ್ಮ, ನಿಮ್ಮ ಕಣ್ಣು ಸರಿಯಾಗಿದೆ. ನನ್ನ ಬಾಯಿ ಸರಿ ಇರ್ಲಿಲ್ಲ."

"ಬಾಯಿ ಇರ್ಲಿ ಬಿಡಿ. ಗೋಡೆಗೆ ಏನು ಮಾಡ್ತೀರಿ?"

"ಮುಚ್ತೀನಿ."

ಮ್ಯಾನೇಜರ್ ಒಪ್ಪಲಿಲ್ಲ. ಪುಸ್ತಕ ಆಗಲೇ ಅಚ್ಚಾಗಿ ಬಂದು ಅವರ ಮೇಜಿನ ಮೇಲೆ ಕಟ್ಟುಕಟ್ಟಾಗಿ ಕೂತಿತ್ತು. ಮೇಲಿನ ಹಾಳೆಯಲ್ಲಿ ಬದನೆ ಹೂವಿನ ಗೋಡೆ ತಿಳಿಯಾಗಿ, ತೂಕವಾಗಿ ನಿಂತಿತ್ತು. ಫೋಟೋದಲ್ಲೂ ಬಣ್ಣ ಒಂದಿಷ್ಟೂ ವಾಲಿಲ್ಲ ಎಂದು ಬಣ್ಣದಕ್ಕನ ಮನಸ್ಸು ಆ ಗಳಿಗೆಯಲ್ಲೂ ಗಮನಿಸಿತು.

"ಬರೋರೆಲ್ಲ ಈ ಗೋಡೆ ನೋಡೋಕೇ ಬರ್ತಾರೆ. ಇನ್ನು ನಾಲ್ಕು ದಿನ ಇದೆ. ಅವರು ಬಂದು ಹೋಗಲಿ, ಆಮೇಲೆ ಯೋಚನೆ ಮಾಡೋಣ."

"ನಾಲ್ಕು ದಿನದಲ್ಲಿ ಎಷ್ಟು ಮಕ್ಕಳು ಹುಟ್ತಾರೆ ಸಾರ್?"

"ಅಲ್ಲಮ್ಮ, ಎಲ್ಲರೂ ಚೆನ್ನಾಗಿದೆ ಅಂತಿದ್ದಾರೆ. ನೀವೇ ಬಳಿದು ನೀವೇ ಬೇಡ ಅಂದ್ರೆ ಹೇಗೆ?"

"ಚೆನ್ನಾಗೇ ಇದೆ. ನನ್ನ ಕೈಯಲ್ಲಿ ಇದಕ್ಕಿಂತ ಒಳ್ಳೆ ನೇರಳೆ ಇನ್ನು ಬರಲ್ಲ. ಬನ್ನಿ ಒಂದು ನಿಮಿಷ."

ಓಣಿಗೆ ಕರೆತಂದಳು. ಸಿಸ್ಟರಮ್ಮನೂ ವಾರ್ಡಿನ ಬಾಗಿಲಿಗೆ ಬಂದು ನಿಂತರು. ಅಲ್ಲಿ ಸೊಸೆ, ಹೇಳದೆಯೇ, ಮೂಲೆಯಲ್ಲಿಟ್ಟಿದ್ದ ಆ ಒಂಬತ್ತನೆಯ ಹಲಗೆಯನ್ನು ತಂದು ಒರಗಿಸಿದ್ದಳು. ಪಕ್ಕದಲ್ಲಿ ಪ್ರೈಮರ್ ಹಚ್ಚಿದ ಬಿಳಿ ಗೋಡೆ.

"ಸಾರ್, ಬಲ ಅಂಗೈ ಹಲಗೆ ಮೇಲಿಡಿ. ಎಡದ್ದು ಗೋಡೆ ಮೇಲಿಡಿ. ಬೆರಳು ಅಗಲಿಸಿ."

ಮ್ಯಾನೇಜರ್ ಪೋಲೀಸರಿಗೆ ಸಿಕ್ಕಿದವರ ಹಾಗೆ ಎರಡೂ ಕೈ ಎತ್ತಿ ನಿಂತರು. ಬೆಂಚಿನ ಮೇಲೆ ಕೂತಿದ್ದ ಯಾರದೋ ಅಜ್ಜಿ ಇದೇನು ಪರೀಕ್ಷೆ ಎಂದು ಕತ್ತು ಚಾಚಿದಳು. ಅವರು ಬಲಗೈ ನೋಡಿದರು, ಎಡಗೈ ನೋಡಿದರು, ಮತ್ತೆ ಬಲಗೈ ನೋಡಿದರು. ಮುಖ ಸಣ್ಣದಾಯಿತು.

"ಸಿಸ್ಟರಮ್ಮ, ನಂಗೇನಾದ್ರೂ ಕಾಮಾಲೆನಾ?"

"ಅರ್ಧ ಮೈಗೆ ಮಾತ್ರ ಸಾರ್," ಎಂದರು ಸಿಸ್ಟರಮ್ಮ, ನಗದೆ.

ಸೊಸೆ ಬಕೆಟ್ಟಿನೊಳಗೆ ಮುಖ ಹಾಕಿ ನಕ್ಕಳು. ಮ್ಯಾನೇಜರ್ ಕೈ ಇಳಿಸಿ, ಎರಡೂ ಅಂಗೈಯನ್ನು ಒಂದಕ್ಕೊಂದು ಉಜ್ಜಿಕೊಂಡರು. ಕೆಟ್ಟ ಮನುಷ್ಯ ಅಲ್ಲ ಅವರು. ಒಂದು ಚಂದದ ಗೋಡೆಯನ್ನು ಪ್ರೀತಿಸಿದ್ದರು, ಅಷ್ಟೇ. ಆ ಮಟ್ಟಿಗೆ ಬಣ್ಣದಕ್ಕನ ಜಾತಿಯವರೇ.

"ಹಾಗಾದ್ರೆ ಈ ನೇರಳೆ ಗತಿ?"

"ಇಲ್ಲಿಗೆ ತರ್ತೀನಿ." ಬಣ್ಣದಕ್ಕ ಓಣಿಯ ಉದ್ದಕ್ಕೆ ಕೈ ಬೀಸಿದಳು. "ನೋಡಿ ಇವರನ್ನ. ಒಳಗೆ ಏನಾಗ್ತಿದೆಯೋ ಅಂತ ಗಂಟೆಗಟ್ಟಲೆ ಬೆಂಚಿಗೆ ಅಂಟಿಕೊಂಡು ಕೂತಿರ್ತಾರೆ. ಮನಸ್ಸಿಗೆ ತಂಪು ಬೇಕಾಗಿರೋದು ಇವರಿಗೆ. ಮಕ್ಕಳಿಗೆ ಯಾವ ಗೋಡೆಯಾದ್ರೇನು, ಅವಕ್ಕೆ ಕಣ್ಣೇ ಸರಿಯಾಗಿ ಬಿಟ್ಟಿಲ್ಲ. ನಿಮ್ಮ ದಾನಿಗಳು ಬರೋದೂ ಈ ಓಣಿಯಲ್ಲೇ ಅಲ್ವಾ?"

"ನಾಲ್ಕು ದಿನದಲ್ಲಿ ಎರಡೂ ಆಗುತ್ತಾ?"

"ಆಗುತ್ತೆ," ಎಂದಳು ಸೊಸೆ, ಅತ್ತೆಗಿಂತ ಮೊದಲು.

ಮಕ್ಕಳು ಮೂರು ದಿನಕ್ಕೆ ಕೆಳಗಿನ ಹಳೆ ವಾರ್ಡಿಗೆ ಇಳಿದವು. ಬಣ್ಣದಕ್ಕ ಖಾಲಿ ವಾರ್ಡಿನ ನಡುವೆ ನಿಂತು ತನ್ನ ಗೋಡೆಯನ್ನು ಕೊನೆಯ ಸಲ ಸುತ್ತ ನೋಡಿದಳು. ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಮೇಲೆ ಬ್ರಷ್ ತೆಗೆದುಕೊಂಡು ಬಾಗಿಲ ಹಿಂದಿನ ಚೌಕಟ್ಟಿಗೇ ಮೊದಲು ಹೋದಳು.

"ಅದೊಂದಾದ್ರೂ ಇರ್ಲಿ ಅತ್ತೆ," ಎಂದಳು ಸೊಸೆ. "ಯಾರಿಗೂ ಕಾಣಲ್ಲ."

"ನಂಗೆ ಕಾಣುತ್ತಲ್ಲ."

ಬಿಳಿ ಎನಾಮೆಲ್ ಅದ್ದಿದ ಬ್ರಷ್ಷಿನ ಒಂದೇ ಎಳೆತಕ್ಕೆ ಹೆಬ್ಬೆಟ್ಟು ಮುಚ್ಚಿಹೋಯಿತು.

ಹೊಸ ಬಣ್ಣ ನೇರಳೆಗಿಂತ ಹೆಚ್ಚು ಕಾಡಿಸಿತು. ಬಿಳಿ ಎಂದರೆ ಬಿಳಿ ಎಂದುಕೊಂಡವರು ಬಣ್ಣದ ಡಬ್ಬಿ ಮುಟ್ಟದವರು. ಒಂದು ಬಿಳಿ ಹಾಲಿನ ಕಡೆ ವಾಲುತ್ತದೆ, ಒಂದು ಮಂಜುಗಡ್ಡೆಯ ಕಡೆ, ಇನ್ನೊಂದು ಹಳೆ ಕಾಗದದ ಕಡೆ. ಅವಳಿಗೆ ಬೇಕಾಗಿದ್ದದ್ದು ಯಾವ ಕಡೆಗೂ ವಾಲದ, ಪಕ್ಕದಲ್ಲಿರುವುದಕ್ಕೆ ತನ್ನದೇನನ್ನೂ ಕೊಡದ, ಅದರದ್ದೇನನ್ನೂ ಕಸಿಯದ ಬಿಳಿ. ಕಪ್ಪನ್ನು ಕಡ್ಡಿಯ ತುದಿಯಲ್ಲಿ ಮುಟ್ಟಿಸಿ, ಮತ್ತೆ ಸುಣ್ಣದಂಥ ಬಿಳಿ ಸುರಿದು, ಆರು ಹಲಗೆ ಬಳಿದಳು. ಈ ಸಲ ಹಲಗೆಗಳನ್ನು ವಾರ್ಡಿನಲ್ಲಿ ಒರಗಿಸಲಿಲ್ಲ. ಅತ್ತೆ ಸೊಸೆ ಹಲಗೆಯ ಎರಡು ತುದಿ ಹಿಡಿದು ಮೆಟ್ಟಿಲಿಳಿದು ಹಳೆ ವಾರ್ಡಿಗೆ ಹೊತ್ತರು.

ಸಿಸ್ಟರಮ್ಮ ಒಂದೊಂದೇ ಹಲಗೆಯ ಮುಂದೆ ಮಗುವನ್ನು ಹಿಡಿದು ನಿಂತರು. ಹಣೆ ಒತ್ತುವರು, ನೋಡುವರು, ತಲೆ ಅಲ್ಲಾಡಿಸುವರು. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು, ಸಂಜೆ ಟ್ಯೂಬ್‌ಲೈಟ್ ಹಾಕಿ ಒಂದು ಸುತ್ತು. ನಾಲ್ಕನೆಯ ಹಲಗೆಯ ಮುಂದೆ ಮೂರು ಹೊತ್ತೂ ತಲೆ ಅಲ್ಲಾಡಲಿಲ್ಲ.

"ಇದು," ಎಂದರು.

"ಇನ್ನೊಂದ್ಸಲ ನೋಡಿ ಹೇಳಿ ಸಿಸ್ಟರಮ್ಮ. ಅವಸರ ಇಲ್ಲ."

"ಕಣ್ಣು ನಂದು ಬಣ್ಣದಕ್ಕ. ಇದೇ."

ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿಕೊಂಡ ರೀತಿಗೆ ಸೊಸೆಗೆ ನಗು ಬಂತು, ತಡೆದುಕೊಂಡಳು.

ದಾನಿಗಳು ಬಂದ ದಿನ ಓಣಿ ಬದನೆ ಹೂವಿನ ಬಣ್ಣದಲ್ಲಿ ಉದ್ದಕ್ಕೆ ಅರಳಿತ್ತು. ಬಾಗಿಲು ಕಿಟಕಿಗಳ ಬಿಳಿ ಗೆರೆ, ನಡುವೆ ತಿಳಿನೇರಳೆ, ಕೆಳಗೆ ಬೆಂಚುಗಳ ಸಾಲು. ಬಂದವರು ಅಲ್ಲೇ ನಿಂತು ಆಹಾ ಎಂದರು, ಗೋಡೆ ಮುಟ್ಟಿ ನೋಡಿದರು, ಅದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಮ್ಯಾನೇಜರ್ ಎಲ್ಲರಿಗೂ ಪುಸ್ತಕ ಹಂಚಿದರು. ಪುಸ್ತಕದ ಮೇಲಿನ ಗೋಡೆ ಒಳಗಿನದೋ ಹೊರಗಿನದೋ ಎಂದು ಯಾರೂ ಕೇಳಲಿಲ್ಲ. ಮೊನ್ನೆಯ ಅಜ್ಜಿ ಅದೇ ಬೆಂಚಿನಲ್ಲಿ ಗೋಡೆಗೆ ತಲೆ ಒರಗಿಸಿ, ಬಾಯಿ ಸ್ವಲ್ಪ ತೆರೆದು ನಿದ್ದೆಹೋಗಿದ್ದಳು.

"ಯಾರು ಬಳಿದವರು?" ಎಂದು ಒಬ್ಬರು ಕೇಳಿದರು. ಮ್ಯಾನೇಜರ್ ಬಣ್ಣದಕ್ಕನತ್ತ ಕೈ ತೋರಿಸಿದರು. ಅವಳು ಬಿನ್ನಾಣ ಮಾಡಲಿಲ್ಲ. "ನಾನು, ನನ್ನ ಸೊಸೆ," ಎಂದಳು, ತಲೆ ಎತ್ತಿಯೇ.

ವಾರ್ಡಿನ ಒಳಗೆ ಗಾಜಿನ ಆಚೆಯಿಂದ ಇಣುಕಿ ನೋಡಲು ಮಾತ್ರ ಬಿಟ್ಟರು. ಬಂದವರು ಮಕ್ಕಳನ್ನು ನೋಡಿದರು. ಆ ಮೂಗು ನೋಡಿ, ಆ ಕೈ ನೋಡಿ, ಅದು ಹೇಗೆ ಒದೀತಿದೆ ನೋಡಿ ಎಂದರು. ಗೋಡೆಯ ಬಗ್ಗೆ ಒಬ್ಬರೂ ಒಂದು ಮಾತಾಡಲಿಲ್ಲ. ಸೊಸೆ ಒಬ್ಬೊಬ್ಬರ ಮುಖವನ್ನೂ ಕಾದು ನೋಡಿ, ಕೊನೆಗೆ ಅತ್ತೆಯ ಪಕ್ಕೆ ತಿವಿದಳು.

"ಒಬ್ರೂ ನೋಡ್ಲಿಲ್ಲ ಅತ್ತೆ!"

"ಹೂಂ," ಎಂದಳು ಬಣ್ಣದಕ್ಕ. ಅವಳ ಮುಖದ ಮೇಲಿನ ಬಿಂಕವನ್ನು ಕಂಡು ಸೊಸೆ ಮುಂದಿನ ಮಾತನ್ನು ಅಲ್ಲೇ ಬಿಟ್ಟಳು.

ಮಾರನೆಯ ಬೆಳಿಗ್ಗೆ ಬಣ್ಣದಕ್ಕ ಒಬ್ಬಳೇ ಬಂದಳು. ಮೊಣಕೈ ತನಕ ಕೈ ತೊಳೆದು, ನಿಲುವಂಗಿ ತೊಟ್ಟು, ಸಣ್ಣ ಮುಚ್ಚಳವೊಂದರಲ್ಲಿ ಆ ವಾಲದ ಬಿಳಿಯನ್ನು ಒಂದು ಚಮಚದಷ್ಟು ಹಿಡಿದುಕೊಂಡು, ವಾರ್ಡಿನ ಬಾಗಿಲ ಹಿಂದೆ ಸರಿದು ನಿಂತಳು. ಮಕ್ಕಳು ಈ ಗೋಡೆಗಳ ನಡುವೆ ಒಂದು ಹಗಲು, ಒಂದು ಇರುಳು ಕಳೆದಿದ್ದವು. ಹೆಬ್ಬೆರಳು ಅದ್ದಿದಳು. ಚೌಕಟ್ಟಿನ ಹತ್ತಿರ ತಂದು, ಬಾಗಿಲ ಸಂದಿಯಿಂದ ಒಮ್ಮೆ ಒಳಗೆ ನೋಡಿದಳು.

ಕಿಟಕಿಯಲ್ಲಿ ಬಿಸಿಲಿನ್ನೂ ಬಿದ್ದಿರಲಿಲ್ಲ. ಸಿಸ್ಟರಮ್ಮ ರಾತ್ರಿ ಹುಟ್ಟಿದ ಮಗುವೊಂದನ್ನು ಎತ್ತಿಕೊಂಡು ಬರಿಯ ಗೋಡೆಯ ಮುಂದೆ ನಿಂತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಮಗುವಿನ ಹಣೆಯ ಮೇಲೆ ಹೆಬ್ಬೆರಳಿಟ್ಟು, ಒತ್ತಿ, ಬಿಟ್ಟರು. ಬೆರಳಿನಷ್ಟೇ ಅಗಲದ ಗುರುತೊಂದು ಅಲ್ಲಿ ಹಳದಿಯ ಸುಳಿವಿಲ್ಲದೆ ಬೆಳ್ಳಗೆ ಮೂಡಿತು. ಆಮೇಲೆ ಅಂಚಿನಿಂದ ನಿಧಾನವಾಗಿ ಕೆಂಪು ತುಂಬಿಕೊಂಡು, ಗುರುತು ಮಾಯವಾಯಿತು. ಬಣ್ಣದಕ್ಕ ಆಗ ತನ್ನ ಹೆಬ್ಬೆರಳನ್ನು ಚೌಕಟ್ಟಿಗೆ ಒತ್ತಿದಳು.